ಎರಡು ಜೀಪು, ಒಂದೇ ಏರು

ಬೆಳಗ್ಗಿನಿಂದ ಮಳೆ ಬಿಟ್ಟಿಲ್ಲ. ಪುತ್ತೂರು ದರ್ಬೆಯ ಒಳದಾರಿಯ ಈ ಗ್ಯಾರೇಜಿನ ಶೀಟಿನ ಮಾಡಿನ ಮೇಲೆ ಅದು ಬಡಿಯುವ ಸದ್ದಿಗೆ ಪಕ್ಕದವರ ಮಾತು ನಿಮಗೆ ಅರ್ಧವೇ ಕೇಳುತ್ತಿದೆ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಬಂದಿದ್ದೀರಿ. ಹಳೆಯ ಗಾಡಿಗಳ ಹುಚ್ಚು ನಿಮ್ಮದು. ಅಮೆರಿಕದ ಕಾರುಗಳಲ್ಲಿ ಮಸ್ಟಾಂಗ್ ಮೇಲೋ ಕಮಾರೊ ಮೇಲೋ ಎಂಬ ವಾದವನ್ನು ರಾತ್ರಿಯಿಡೀ ಬೇಕಾದರೂ ನಡೆಸಬಲ್ಲಿರಿ. 1964ರ ಪಾಂಟಿಯಾಕ್ ಜಿಟಿಒ ಕಾರಿನ ಎಂಟು ಸಿಲಿಂಡರಿನ 6.4 ಲೀಟರ್ ಎಂಜಿನ್ನಿನ ವರ್ಣನೆ ಬಸ್ ನಿಲ್ದಾಣದಿಂದ ಇಲ್ಲಿಯವರೆಗೂ ನಡೆದಿದೆ. ಈಗ ಮುಂದೆ ನೋಡಿ. ಅಮೆರಿಕದ ಗಾಡಿಯ ಕಸುವು ಈ ಊರಿಗೆ ಬಂದದ್ದು ಈ ರೂಪದಲ್ಲಿ.

ಎಡಗಡೆ ನಿಂತದ್ದು ಪೆಟ್ರೋಲಿನ ಸಿಜೆ-3ಬಿ. ಬಲಗಡೆಯದು ಡೀಸೆಲಿನ ಎಂಎಂ 540. ಮೊದಲನೆಯದಕ್ಕೆ ಇಲ್ಲಿನವರು ‘ವಿಲ್ಲೀಸ್’ ಎನ್ನುತ್ತಾರೆ, ಎರಡನೆಯದಕ್ಕೆ ‘ಫೈವ್ ಫಾರ್ಟಿ’. ಎರಡಕ್ಕೂ ಯಜಮಾನರು ಒಬ್ಬರೇ, ಸುಳ್ಯ ತಾಲೂಕಿನ ಕೊಲ್ಲಮೊಗ್ರು ಕಡೆಯ ಅಡಿಕೆ ಕೃಷಿಕರು. ಒಂದನ್ನು ಮಾರಲು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. “ಇಲ್ಲಿ ನಿಂತು ನೋಡಿದ್ರೆ ಎಂತ ಗೊತ್ತಾಗ್ತದೆ? ಎರಡರಲ್ಲೂ ಕೂತು ನಮ್ಮ ಮನೆವರೆಗೆ ಬನ್ನಿ. ಆಮೇಲೆ ಯಾವುದು ಬೇಕು ಹೇಳಿ.”

ಮೆಕ್ಯಾನಿಕ್ ಸಿಜೆ-3ಬಿಯ ಬಾನೆಟ್ ಎತ್ತುತ್ತಾರೆ. ಬಾನೆಟ್ಟು ಎಷ್ಟು ಎತ್ತರ ಇದೆ ನೋಡಿ. ಹಳೆಯ ಮಿಲಿಟರಿ ಜೀಪಿನ ಮೂಗು ಇಷ್ಟು ಮೇಲೆ ಇರಲಿಲ್ಲ. 1953ರಲ್ಲಿ ಓಹಿಯೊ ರಾಜ್ಯದ ಟೊಲೆಡೊ ಪಟ್ಟಣದ ವಿಲ್ಲೀಸ್ ಕಾರ್ಖಾನೆಯವರು ಹೊಸ ‘ಹರಿಕೇನ್’ ಎಂಜಿನ್ ಕೂರಿಸಿದರು. ಮೊದಲು ಎರಡೂ ವಾಲ್ವುಗಳು ಬ್ಲಾಕಿನಲ್ಲೇ ಇದ್ದವು. ಇದರಲ್ಲಿ ಒಳಗೆ ಎಳೆದುಕೊಳ್ಳುವ ವಾಲ್ವು ಮೇಲೆ ಹೆಡ್ಡಿಗೆ ಹೋಯಿತು, ಹೊಗೆ ಬಿಡುವ ವಾಲ್ವು ಕೆಳಗೇ ಉಳಿಯಿತು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಚಂದ ಕೆಟ್ಟಿತು ಎಂದು ಹೇಳುವವರು ಇದ್ದಾರೆ. ನನಗೆ ಮಾತ್ರ ಈ ಎತ್ತರದ ಹಣೆ ಬಹಳ ಇಷ್ಟ. ಯಾವ ಅಲಂಕಾರಕ್ಕೂ ಅಲ್ಲದೆ, ಒಳಗಿನ ಕೆಲಸಕ್ಕಾಗಿಯೇ ಹುಟ್ಟಿದ ರೂಪ ಅದು. ಅಮೆರಿಕದಲ್ಲಿ 1968ಕ್ಕೆ ಈ ಮಾದರಿ ನಿಂತುಹೋಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮುಂಬೈಯ ಮಝಗಾಂವ್‌ನಲ್ಲಿ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿದ್ದ ಮಹೀಂದ್ರ ಕಂಪನಿ ಅದೇ ಅಚ್ಚನ್ನು ಇಟ್ಟುಕೊಂಡು ಮುಂದೆ ದಶಕಗಳ ಕಾಲ ಗಾಡಿ ಮಾಡಿತು. ನಮ್ಮ ತೋಟಗಳಿಗೆ ಬಂದದ್ದು ಆ ಜೀಪುಗಳು.

ಚೋಕ್ ಎಳೆದು ಸ್ಟಾರ್ಟ್ ಮಾಡಿದ್ದಾಯಿತು. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು. ಆಮೇಲೆ ಎಂತಹ ಸಮಾಧಾನ! ಫೆಂಡರಿನ ಮೇಲೆ ಕೈ ಇಡಿ, ನಡುಕವೇ ಇಲ್ಲ.

540ಕ್ಕೆ ಹೀಟರ್ ಹಾಕಿ ಸ್ವಲ್ಪ ಕಾಯಬೇಕು. ಕಾದು ಕೀ ತಿರುಗಿಸಿದರೆ ಇಡೀ ಶೆಡ್ಡು ಅದುರುತ್ತದೆ, ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು ಕಿಣಿಕಿಣಿ ಎನ್ನುತ್ತವೆ. ಇದು ಫ್ರಾನ್ಸಿನ ಪ್ಯೂಜೊ ಕಂಪನಿಯ ಎಕ್ಸ್‌ಡಿಪಿ 4.90 ಎಂಜಿನ್, ಮಹೀಂದ್ರದವರು ಪರವಾನಗಿ ಪಡೆದು ಇಲ್ಲಿಯೇ ಮಾಡಿದ್ದು. ಹೆಸರಿನಲ್ಲೇ ಲೆಕ್ಕ ಇದೆ: ನಾಲ್ಕು ಸಿಲಿಂಡರು, ಒಂದೊಂದರ ಬಾಯಿ 90 ಮಿ.ಮೀ. 1980ರ ದಶಕದ ನಡುವೆ ಈ ಎಂಜಿನ್ನನ್ನೂ ನಾಲ್ಕು ಗೇರಿನ ಪೆಟ್ಟಿಗೆಯನ್ನೂ ಹೊತ್ತು 540 ಬಂದಾಗ, ಮೂರೇ ಗೇರಿನ ಹಳೆಯ ಜೀಪು ಓಡಿಸಿದವರಿಗೆ ಅದು ಕಾರಿನಂತೆ ಕಂಡಿತ್ತು.

ಈಗ ಎರಡರ ಅಂಕಿಗಳನ್ನು ಪಕ್ಕಪಕ್ಕ ಇಡೋಣ, ಮುಂದಿನ ದಾರಿಯಲ್ಲಿ ಬೇಕಾಗುತ್ತವೆ. ಪೆಟ್ರೋಲಿನದು 2,199 ಸಿಸಿ, ಸುಮಾರು 75 ಅಶ್ವಶಕ್ತಿ. ಡೀಸೆಲಿನದು 2,112 ಸಿಸಿ, 62 ಅಶ್ವಶಕ್ತಿ. ಡೀಸೆಲ್ ಎಂದರೆ ಎಳೆತ ಹೆಚ್ಚು ಎಂದು ನಾವೆಲ್ಲ ನಂಬಿದ್ದೇವಲ್ಲ? ಇಲ್ಲಿ ಅದು ತಿರುಗಾಮುರುಗಾ. ಎರಡೂ ತಮ್ಮ ಪೂರ್ತಿ ಎಳೆತ ಕೊಡುವುದು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ. ಪೆಟ್ರೋಲಿನದು ಸುಮಾರು 155 ನ್ಯೂಟನ್ ಮೀಟರ್, ಡೀಸೆಲಿನದು 121. ಇನ್ನೂ ಮುಖ್ಯವಾದದ್ದು ಪಿಸ್ಟನ್ನಿನ ಓಡಾಟ. ವಿಲ್ಲೀಸಿನ ಪಿಸ್ಟನ್ ಒಂದು ಸಲಕ್ಕೆ 111 ಮಿ.ಮೀ. ಇಳಿಯುತ್ತದೆ, ಸಿಲಿಂಡರಿನ ಬಾಯಿ 80ಕ್ಕೂ ಕಡಿಮೆ. ಪ್ಯೂಜೊದ್ದು ಬಾಯಿ ಅಗಲ, ಇಳಿತ ಬರೀ 83. ಉದ್ದ ಇಳಿತದ ಎಂಜಿನ್ನಿಗೆ ಅವಸರವಿಲ್ಲ. ಹೊರೆ ಹೊತ್ತ ಅನುಭವಿ ಆಳಿನ ಹಾಗೆ ನಿಧಾನ ಹೆಜ್ಜೆಯಲ್ಲೇ ಅದರ ಶಕ್ತಿ ಇರುವುದು.

ಹೊರಡುವ ಮೊದಲು ಗ್ಯಾರೇಜಿನ ಮೂಲೆಯಲ್ಲಿ ಬಿಚ್ಚಿಟ್ಟ ಮೂರನೇ ಜೀಪನ್ನು ನೋಡಿ. ಮೈಯೆಲ್ಲ ಸಿಜೆ-3ಬಿಯದೇ. ಬಾನೆಟ್ಟಿನ ಒಳಗಿರುವುದು ಡೀಸೆಲ್ ಎಂಜಿನ್. ಚಾಸಿಗೆ ಬೆಸುಗೆ ಹಾಕಿ ಹೊಸ ಮೌಂಟಿಂಗ್ ಕೂರಿಸಿದ್ದು ಕೈಗೆ ಸಿಗುತ್ತದೆ. ನಿಮ್ಮ ಮುಖ ಸಣ್ಣದಾಯಿತು. ‘ಹಾಳು ಮಾಡಿಬಿಟ್ಟಿದ್ದಾರೆ’ ಎಂದಿರಿ. ಎಂಜಿನ್ ನಂಬರು, ಚಾಸಿ ನಂಬರು, ಕಾಗದ, ಮೂರೂ ಕಾರ್ಖಾನೆಯಿಂದ ಬಂದಂತೆಯೇ ಹೊಂದಬೇಕು ಎಂಬುದು ಅಮೆರಿಕದ ಸಂಗ್ರಾಹಕರ ಮೊದಲ ಪಾಠ. ನಮ್ಮ ಕಾನೂನೂ ಹಾಗೆಯೇ ಹೇಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ ‘ವಿಎ’ ಎಂಬ ಅಕ್ಷರಗಳಿರುವ ಬೇರೆ ನಂಬರು ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಈ ಮೂಲೆಯ ಜೀಪಿಗೆ ಆ ಮರ್ಯಾದೆ ದಕ್ಕುವುದಿಲ್ಲ.

ಇಲ್ಲಿ ನಾನು ನಿಮ್ಮ ಮಾತನ್ನು ಒಪ್ಪುವುದಿಲ್ಲ. ಪೆಟ್ರೋಲು ಜೀಪು ಎಷ್ಟು ಒಳ್ಳೆಯ ಸ್ಥಿತಿಯಲ್ಲಿದ್ದರೂ ಲೀಟರಿಗೆ ಏಳೆಂಟು ಕಿಲೋಮೀಟರಿನ ಮೇಲೆ ಕೊಡುವುದು ಕಷ್ಟ, ಅದೂ ಡಾಮರು ರಸ್ತೆಯಲ್ಲಿ. ಡೀಸೆಲಿಗೂ ಪೆಟ್ರೋಲಿಗೂ ಬೆಲೆಯಲ್ಲಿ ಬಹಳ ವ್ಯತ್ಯಾಸವಿದ್ದ ಕಾಲದಲ್ಲಿ, ಅಡಿಕೆ ಧಾರಣೆ ಇಳಿದ ವರ್ಷಗಳಲ್ಲಿ, ತೋಟದವನಿಗೆ ಎರಡೇ ದಾರಿ ಇದ್ದದ್ದು: ಜೀಪನ್ನು ಗುಜರಿಗೆ ಹಾಕುವುದು ಅಥವಾ ಎಂಜಿನ್ ಬದಲಾಯಿಸುವುದು. ಬದಲಾಯಿಸಿದವರ ಜೀಪು ಇವತ್ತಿಗೂ ಓಡುತ್ತಿದೆ. ಪುತ್ತೂರು, ಸುಳ್ಯ, ಉಪ್ಪಿನಂಗಡಿಯ ಗ್ಯಾರೇಜುಗಳಲ್ಲಿ ಲೇತ್ ಮುಂದೆ ನಿಂತು ಬೆಲ್ ಹೌಸಿಂಗಿಗೆ ಪ್ಲೇಟು ಕಡೆದು, ಗೇರ್ ಪೆಟ್ಟಿಗೆಗೆ ಎಂಜಿನ್ ಹೊಂದಿಸಿದವರ ವಿದ್ಯೆಯೂ ಈ ಗಾಡಿಯ ಚರಿತ್ರೆಯೇ. ಟೊಲೆಡೊದಲ್ಲಿ ಆದದ್ದನ್ನು ಮಾತ್ರ ಚರಿತ್ರೆ ಎಂದುಕೊಂಡು ದರ್ಬೆಯಲ್ಲಿ ಆದದ್ದನ್ನು ಅಳಿಸಿಹಾಕುವ ಸಂಗ್ರಹ ನನಗೆ ಅರೆಬರೆ ಎನಿಸುತ್ತದೆ. ಕಾನೂನು ಅದಕ್ಕೊಂದು ನಂಬರು ಕೊಡದಿದ್ದರೂ ನೀವು ಅದರ ಮುಂದೆ ನಿಂತು ಒಂದು ಫೋಟೊ ತೆಗೆದುಕೊಳ್ಳಿ.

ಹೊರಟೆವು. ಗುತ್ತಿಗಾರಿನವರೆಗೆ ನೀವು 540ರಲ್ಲಿ. ಯಜಮಾನರು ವಿಲ್ಲೀಸಿನಲ್ಲಿ ಮುಂದೆ, ನಿಮ್ಮ ಜೀಪಿಗೆ ಅವರ ಅಕ್ಕನ ಮಗ ಡ್ರೈವರು. ಎರಡರ ಹಿಂದೆಯೂ ಸಮನಾಗಿ ಮೈಲುತುತ್ತು, ಸುಣ್ಣದ ಚೀಲಗಳು. ಆಟಿ ತಿಂಗಳಿಗೆ ಮುಂಚೆ ಅಡಿಕೆಗೆ ಮದ್ದು ಬಿಡದಿದ್ದರೆ ಕೊಳೆರೋಗಕ್ಕೆ ಗೊನೆಗೊನೆಯೇ ಉದುರುತ್ತದೆ.

ಸವಣೂರು ದಾಟಿ ಕಾಣಿಯೂರಿನತ್ತ ರಸ್ತೆ ಹಾವಿನ ಹಾಗೆ ಹೋಗದೆ ಇನ್ನು ಹೇಗೆ ಹೋಗಲು ಸಾಧ್ಯ, ಎರಡೂ ಬದಿ ಗುಡ್ಡವೇ. ದಾರಿಯಲ್ಲಿ ಎಲ್ಲೋ ಪುತ್ತೂರು ತಾಲೂಕು ಮುಗಿದು ಕಡಬ ತಾಲೂಕು ಶುರುವಾದದ್ದು ಬೋರ್ಡು ನೋಡಿದರೆ ಮಾತ್ರ ತಿಳಿಯುತ್ತದೆ. ಈ ಡಾಮರಿನ ಮೇಲೆ 540 ನಿಶ್ಚಿಂತೆಯ ಗಾಡಿ. ಚಕ್ರಗಳ ನಡುವಿನ ಅಂತರ ಹೆಚ್ಚು, ಮೈ ಅಗಲ, ನಾಲ್ಕನೇ ಗೇರಿಗೆ ಹಾಕಿದರೆ ಮಾತಾಡುತ್ತ ಕೂರಬಹುದು, ಸ್ವರ ಏರಿಸಬೇಕು ಅಷ್ಟೆ. ಮುಂದೆ ಹೋಗುತ್ತಿರುವ ವಿಲ್ಲೀಸನ್ನು ಗಮನಿಸಿ. ಅದರ ಚಕ್ರಗಳ ನಡುವೆ 80 ಇಂಚು ಮಾತ್ರ. ಪ್ರತಿ ಹೊಂಡಕ್ಕೂ ಕುಪ್ಪಳಿಸುತ್ತದೆ. ಯಜಮಾನರ ಕೈ ಸ್ಟಿಯರಿಂಗಿನಲ್ಲಿ ಸುಮ್ಮನಿರುವುದೇ ಇಲ್ಲ, ಎಡಕ್ಕೆ ಚೂರು, ಬಲಕ್ಕೆ ಚೂರು. ಮುಂದಿನ ಅಡ್ಡಪಟ್ಟಿಯಲ್ಲಿರುವ ಬೆಲ್ ಕ್ರ್ಯಾಂಕ್ ಸವೆದರೆ ಈ ಜೀಪುಗಳು ಹೀಗೆ ಅಲೆಯುತ್ತವೆ. ಕೊಳ್ಳುವ ಮೊದಲು ಚಕ್ರ ನೇರ ಇಟ್ಟು ಸ್ಟಿಯರಿಂಗನ್ನು ಎಷ್ಟು ತಿರುಗಿಸಿದ ಮೇಲೆ ಚಕ್ರ ಅಲ್ಲಾಡುತ್ತದೆ ನೋಡಬೇಕು. ಇಂತಹ ರಸ್ತೆಯಲ್ಲಿ ದಿನವಿಡೀ ಓಡಾಡುವವರು ವಿಲ್ಲೀಸಿನ ಆಸೆ ಬಿಡುವುದೇ ಒಳ್ಳೆಯದು.

ಪಂಜದಲ್ಲಿ ಚಹಾ. ಅಂಗಡಿಯ ಎದುರು ನಿಂತಿದ್ದ ಹಿರಿಯರೊಬ್ಬರು ವಿಲ್ಲೀಸಿನ ಬಾನೆಟ್ಟಿನ ಮೇಲೆ ಕೈಯಾಡಿಸಿದರು. “ಇದರಲ್ಲಿ ನಾವು ಎಷ್ಟು ಜನ ಹೋಗ್ತಿದ್ದೆವು ಗೊತ್ತುಂಟಾ?” ಅವರು ಸರ್ವೀಸ್ ಜೀಪಿನ ಕಾಲದವರು. ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋದ ಮೇಲೆ ಊರೊಳಗೆ ಹೋಗುವುದಕ್ಕೆ ಇದ್ದದ್ದು ಸರ್ವೀಸ್ ಜೀಪು ಒಂದೇ. ಒಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು, ಹಿಂದೆ ಪಟ್ಟಿಯ ಮೇಲೆ ನೇತಾಡುವವರು, ಅರ್ಧ ಮೈ ಹೊರಗೆ ಹಾಕಿ ಓಡಿಸುವ ಡ್ರೈವರು. ಹಿಂಗಾರದ ಕಟ್ಟು, ಕೋಳಿ, ಹೆರಿಗೆಗೆ ಹೊರಟ ಮಗಳು, ಎಲ್ಲರಿಗೂ ಅದೇ ಗಾಡಿ. ಜೀಪಿನ ದಾರಿ ಮುಗಿದು ಹೊಳೆ ಅಡ್ಡ ಬಂದಲ್ಲಿ ಜನ ಇಳಿದು ನಡೆಯುತ್ತಿದ್ದರು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದ ಮೇಲೆ ಎಷ್ಟೋ ಹಳ್ಳಿಗಳಿಗೆ ಮಳೆಗಾಲದಲ್ಲೂ ಹೊಳೆ ದಾಟುವ ದಾರಿಯಾಯಿತು. ಸೇತುವೆಯ ಈ ಬದಿಯಲ್ಲಿ ಜೀಪು, ಆ ಬದಿಯಲ್ಲಿ ಮನೆ. ಇಲ್ಲಿ ಒಬ್ಬೊಬ್ಬರಿಗೂ ಜೀಪಿನ ಜೊತೆ ಒಂದು ಜ್ವರ, ಒಂದು ಮದುವೆ, ಒಂದು ಮಳೆಗಾಲ ನೆನಪಾಗುತ್ತದೆ. ಮಸ್ಟಾಂಗಿನ ಜೊತೆ ಅಮೆರಿಕದವರಿಗೆ ಅವರ ಯೌವನ ನೆನಪಾಗುವಂತೆ ಇದು. ಹಳೆಯ ಗಾಡಿಗೆ ಬೆಲೆ ಬರುವುದು ಹೀಗೆಯೇ.

ಗುತ್ತಿಗಾರಿನಲ್ಲಿ ಗಾಡಿ ಬದಲಾಯಿಸಿ. ವಿಲ್ಲೀಸಿಗೆ ಹತ್ತಿ, ಯಜಮಾನರ ಪಕ್ಕ ಕೂರಿ. ಬಾಗಿಲೇ ಇಲ್ಲದ ಜೀಪು; ಎಡಗಾಲು ಒದ್ದೆಯಾಗುತ್ತದೆ, ಆಗಲಿ. ಎದುರಿಗೆ ದಪ್ಪ ಪರದೆಯಂತೆ ಮೋಡ, ಅದರ ಹಿಂದೆ ಎಲ್ಲೋ ಕುಮಾರಪರ್ವತ. ಕೊಲ್ಲಮೊಗ್ರು ದಾಟಿ ಡಾಮರು ಬಿಟ್ಟು ಎಡಕ್ಕೆ ತಿರುಗಿದ ಸ್ವಲ್ಪ ಹೊತ್ತಿಗೆ ಹಳ್ಳ.

ಯಜಮಾನರು ನಿಲ್ಲಿಸಿದರು. ನೀರು ಕೆಂಪಗೆ ರಭಸದಲ್ಲಿ ಹೋಗುತ್ತಿದೆ, ಆಳ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಅವರು ಇಳಿದು ಮುಂದಿನ ಎರಡು ಚಕ್ರಗಳ ಹಬ್ ಲಾಕ್ ಮಾಡಿದರು. ಆಮೇಲೆ ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಕಳಚಿದರು. ನೀವು ಹುಬ್ಬೇರಿಸಿದಿರಿ. ಫ್ಯಾನು ತಿರುಗುತ್ತಿದ್ದರೆ ನೀರನ್ನೆತ್ತಿ ಎಂಜಿನ್ನಿಗೆಲ್ಲ ಎರಚುತ್ತದೆ. ಡಿಸ್ಟ್ರಿಬ್ಯೂಟರಿಗೆ ಎರಡು ಹನಿ ಬಿದ್ದರೆ ಸಾಕು, ಕಿಡಿ ಸತ್ತು ಹಳ್ಳದ ನಡುವೆಯೇ ನಿಲ್ಲಬೇಕು. ಡಿಸ್ಟ್ರಿಬ್ಯೂಟರಿನ ಮೇಲೆ ರಬ್ಬರ್ ಟ್ಯೂಬಿನ ತುಂಡು ಹೊದಿಸಿ ಕಟ್ಟಿದರು. ಅಷ್ಟರಲ್ಲಿ ಹಿಂದಿನಿಂದ 540 ನಮ್ಮನ್ನು ಬಳಸಿ ನೇರ ನೀರಿಗಿಳಿಯಿತು, ನಿಲ್ಲಲಿಲ್ಲ, ಎರಡೂ ಬದಿಗೆ ಅಲೆ ಎಬ್ಬಿಸಿ ಆಚೆ ಹತ್ತಿತು. ಡೀಸೆಲಿಗೆ ಕಿಡಿಯೇ ಬೇಡ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಉರಿಯುತ್ತದೆ. ಗಾಳಿ ಎಳೆಯುವ ಬಾಯಿಗೆ ನೀರು ಹೋಗದಿದ್ದರೆ ಸರಿ. ಹಳ್ಳದ ಪಂದ್ಯದಲ್ಲಿ 540 ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ. ನಾವು ಬೆಲ್ಟ್ ಕಳಚಿ, ದಾಟಿ, ಮತ್ತೆ ಬೆಲ್ಟ್ ಹಾಕಿಕೊಂಡು ಹೊರಡುವಾಗ ಆ ಹುಡುಗ ಆಚೆ ದಡದಲ್ಲಿ ಬಾನೆಟ್ಟಿಗೆ ಒರಗಿ ನಗುತ್ತ ನಿಂತಿದ್ದ.

ಇನ್ನು ಏರು. ಎದುರಿಗೆ ನೋಡಿ: ಮುರಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ದಾರಿ, ಬಲಕ್ಕೆ ಬರೆ, ಎಡಕ್ಕೆ ಅಡಿಕೆ ತೋಟದ ಕಮರಿ. ನಡುವೆ ಮಳೆನೀರು ಕೊರೆದ ಕಣಿ. ಕೆಂಪು ಮಣ್ಣು ಅರೆದ ಅರಸಿನದಷ್ಟು ನುಣುಪು, ಅಲ್ಲಲ್ಲಿ ತಲೆ ಎತ್ತಿದ ಕಲ್ಲು. ತುದಿಯಲ್ಲೊಂದು ತಿರುವು, ಆಚೆ ಏನಿದೆಯೋ ಕಾಣುವುದಿಲ್ಲ.

“ಗಟ್ಟಿ ಹಿಡ್ಕೊಳ್ಳಿ” ಎಂದರು ಯಜಮಾನರು. ಜೀಪು ಪೂರ್ತಿ ನಿಲ್ಲಿಸಿ ಮೊದಲ ಗೇರಿಗೆ ಹಾಕಿದರು, ಈ ಪೆಟ್ಟಿಗೆಯಲ್ಲಿ ಮೊದಲ ಗೇರು ಓಡುವಾಗ ಸುಲಭಕ್ಕೆ ಬೀಳುವುದಿಲ್ಲ. ಫೋರ್ ವೀಲಿನ ಸಣ್ಣ ಲಿವರು ಒಂದು, ಲೋ ಗೇರಿನದು ಇನ್ನೊಂದು. ಟೊಲೆಡೊದ ಮೂಲ ಲೆಕ್ಕ ಹೀಗಿದೆ: ಮೊದಲ ಗೇರಿನಲ್ಲಿ 2.8, ಲೋದಲ್ಲಿ 2.46, ಆ್ಯಕ್ಸಲಿನಲ್ಲಿ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಎಂಜಿನ್ನು ನಿಮಿಷಕ್ಕೆ 1,000 ಸುತ್ತು ಸುತ್ತಿದಾಗ ಚಕ್ರ ಸುತ್ತುವುದು 27 ಸಲ, ಎಂದರೆ ನಿಧಾನವಾಗಿ ನಡೆಯುವ ವೇಗ.

ಕ್ಲಚ್ ಬಿಟ್ಟ ಕಾಲನ್ನು ಅವರು ಮತ್ತೆ ಅದರ ಮೇಲೆ ಇಡಲಿಲ್ಲ. ಆ್ಯಕ್ಸಿಲರೇಟರನ್ನು ಹೆಬ್ಬೆರಳಿನಲ್ಲಿ ಮುಟ್ಟಿದಂತೆ ಇಟ್ಟುಕೊಂಡಿದ್ದಾರೆ. ಜೀಪು ಏರತೊಡಗಿತು. ಸದ್ದು ಬದಲಾಗಲೇ ಇಲ್ಲ. ಮುಂದಿನ ಎಡಚಕ್ರ ಕಣಿಗೆ ಇಳಿಯಿತು, ನೀವು ತೋಟದ ಕಡೆಗೆ ವಾಲಿದಿರಿ, ಕೆಳಗೆ ಅಡಿಕೆ ಮರಗಳ ತಲೆ ಕಾಣುತ್ತಿದೆ. ಎಂಜಿನ್ನು ತುಸು ತಗ್ಗಿತು, ಇನ್ನೇನು ನಿಂತೇಬಿಟ್ಟಿತು ಎನ್ನುವಷ್ಟು ತಗ್ಗಿತು, ನಿಲ್ಲಲಿಲ್ಲ. ಆ ಉದ್ದ ಇಳಿತದ ಪಿಸ್ಟನ್ನುಗಳ ಒಂದೊಂದು ತಳ್ಳನ್ನೂ ನೀವು ಸೀಟಿನಲ್ಲಿ ಎಣಿಸಬಹುದು. ಎದುರಿಗೆ ದೊಡ್ಡ ಕಲ್ಲು. ಯಜಮಾನರು ಜೀಪನ್ನು ಬಲಕ್ಕೆ ಎಳೆದು ಕಲ್ಲನ್ನು ನಡುವಿಗಿಂತ ಎಡಕ್ಕೆ ಬಿಟ್ಟುಕೊಂಡರು. “ಇದರ ಡಿಫರೆನ್ಷಿಯಲ್ ನಡುವಿಲ್ಲ, ನನ್ನ ಕಾಲಡಿಗೆ ಉಂಟು. ಕಲ್ಲು ಅಲ್ಲಿಗೆ ಬಂದ್ರೆ ಆಯ್ತು ಕಥೆ.” ಕಲ್ಲು ಸದ್ದಿಲ್ಲದೆ ಅಡಿಯಿಂದ ಹಾದುಹೋಯಿತು. ತಿರುವಿನಲ್ಲಿ ಗಿಡ್ಡ ಜೀಪು ಒಂದೇ ಸಲಕ್ಕೆ ತಿರುಗಿತು. ಅಂಗಳ ಬಂತು.

ಈಗ ಇಳಿದು ತಿರುವಿನ ಬರೆಯ ಮೇಲೆ ನಿಂತು 540ನ್ನು ನೋಡಿ. ಹುಡುಗನಿಗೆ ಗಾಡಿಯ ಗುಣ ಗೊತ್ತು. ಕೆಳಗಿನಿಂದಲೇ ರೇಸ್ ಕೊಟ್ಟುಕೊಂಡು ಬರುತ್ತಿದ್ದಾನೆ. ಗುಡ್ಡವಿಡೀ ಗುಂಯ್‌ಗುಡುತ್ತಿದೆ. ಅರ್ಧ ದಾರಿ ಸಲೀಸು. ಕಣಿಯ ಹತ್ತಿರ ಸುತ್ತು ಕಡಿಮೆಯಾಯಿತು, ಎಳೆತ ಬಿಟ್ಟಿತು, ಚಕ್ರಗಳು ಸುಮ್ಮನೆ ತಿರುಗಿ ಕೆಸರನ್ನು ಹಿಂದಕ್ಕೆ ಎಸೆದವು. ನಿಂತಿತು. ಹುಡುಗ ಗಾಬರಿಯಾಗಲಿಲ್ಲ, ರಿವರ್ಸ್ ಹಾಕಿ ಹದವಾಗಿ ಕೆಳಗೆ ಬಂದು, ಕಣಿಯನ್ನು ಎರಡು ಚಕ್ರಗಳ ನಡುವೆ ತೆಗೆದುಕೊಂಡು, ಈ ಸಲ ಕಾಲು ಎತ್ತಲೇ ಇಲ್ಲ. ಹತ್ತಿಬಂತು. ತಿರುವಿನಲ್ಲಿ ಒಮ್ಮೆ ಹಿಂದೆ ಮುಂದೆ ಮಾಡಬೇಕಾಯಿತು. ಅದು ಎಂಜಿನ್ನಿನ ತಪ್ಪಲ್ಲ, ಉದ್ದದ್ದು. ಚಪ್ಪಾಳೆ ತಟ್ಟುವಂತಹ ಡ್ರೈವಿಂಗ್. ಆದರೆ ವಿಲ್ಲೀಸ್ ಹತ್ತುವಾಗ ಚಪ್ಪಾಳೆಯ ಯೋಚನೆಯೇ ನಿಮಗೆ ಬರಲಿಲ್ಲ. ಅದು ಏರನ್ನು ಏರು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಜಗಲಿಯಲ್ಲಿ ಬಿಸಿನೀರು, ಬೆಲ್ಲ. ಚೀಲಗಳನ್ನು ಇಳಿಸಿ ಆದ ಮೇಲೆ ಯಜಮಾನರು ಕೇಳಿದರು, “ಹೇಳಿ, ಯಾವುದು?”

ನನ್ನನ್ನು ಕೇಳಿದರೆ: ಒಂದೇ ಜೀಪಿನಲ್ಲಿ ಪೇಟೆಗೂ ತೋಟಕ್ಕೂ ಓಡಾಡಬೇಕು, ಕೆಟ್ಟರೆ ಹತ್ತಿರದ ಗ್ಯಾರೇಜಿನಲ್ಲೇ ಸರಿಯಾಗಬೇಕು, ಮಳೆಗಾಲದಲ್ಲಿ ಹಳ್ಳ ದಾಟಬೇಕು ಎನ್ನುವವರಿಗೆ 540. ಅದು ದುಡಿಯುವ ಗಾಡಿ, ಅದಕ್ಕೆ ಸಿಗಬೇಕಾದಷ್ಟು ಗೌರವ ಸಂಗ್ರಾಹಕರಿಂದ ಇನ್ನೂ ಸಿಕ್ಕಿಲ್ಲ. ಒಳ್ಳೆಯ ಸ್ಥಿತಿಯದ್ದು ಕಂಡರೆ ಈಗಲೇ ಹಿಡಿದಿಡಿ. ಆದರೆ ನೀವು ಬೆಂಗಳೂರಿನಿಂದ ಬಂದದ್ದು ತೋಟಕ್ಕೆ ಗೊಬ್ಬರ ಹೊರುವುದಕ್ಕಲ್ಲ. ಎಂಜಿನ್ ಹೇಗೆ ಎಳೆಯುತ್ತದೆ ಎಂಬುದನ್ನು ಮೈಯಲ್ಲಿ ಅನುಭವಿಸುವ ಆಸೆ ನಿಮ್ಮದು. ಅದಕ್ಕೆ ವಿಲ್ಲೀಸೇ ಸರಿ.

ನೀವೂ ಅದನ್ನೇ ಹೇಳಿದಿರಿ. ಯಜಮಾನರು ತಲೆಯಾಡಿಸಿದರು. “540 ಕೇಳಿದ್ರೆ ಅಡಿಕೆ ಕೊಯ್ಲು ಮುಗಿಯುವವರೆಗೆ ಕೊಡ್ತಿರಲಿಲ್ಲ ಮಾರಾಯ್ರೆ. ಇದಾದ್ರೆ ಆಗಬಹುದು.”

ದುಡ್ಡಿನ ಮಾತಿಗೆ ಮೊದಲು ಒಂದು ಟಾರ್ಚು ಹಿಡಿದುಕೊಂಡು ಜೀಪಿನ ಅಡಿಗೆ ಹೋಗಿ. ಹಿಂದಿನ ಪಟ್ಟೆ ಸ್ಪ್ರಿಂಗ್ ಕೂತಿರುವಲ್ಲಿ ಚಾಸಿಗೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ, ನಮ್ಮ ಮಳೆ ಮೊದಲು ತಿನ್ನುವುದು ಅಲ್ಲಿ. ಪೆಡಲುಗಳ ಕೆಳಗಿನ ತಗಡನ್ನೂ ಬ್ಯಾಟರಿಯ ಅಡಿಯನ್ನೂ ತಟ್ಟಿ. ಎಂಜಿನ್ ನಂಬರು ಬ್ಲಾಕಿನ ಮುಂದೆ, ನೀರಿನ ಪಂಪಿನ ಪಕ್ಕದ ಉಬ್ಬಿನಲ್ಲಿ ಕೊರೆದಿರುತ್ತದೆ. ಗ್ರೀಸ್ ಒರೆಸಿ ಓದಿ, ಆರ್‌ಸಿಯಲ್ಲಿರುವುದರ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಹೊಂದಿದರೆ ಸೋಮವಾರ ಪುತ್ತೂರಿನ ಆರ್‌ಟಿಒ ಕಚೇರಿ ತೆರೆಯುತ್ತದೆ. ವರ್ಗಾವಣೆಯ ಕಾಗದ ಕೊಡಿ, ಐವತ್ತು ವರ್ಷ ದಾಟಿದ ಪುರಾವೆಯನ್ನೂ ಜೊತೆಗಿಟ್ಟುಕೊಳ್ಳಿ. ಬೆಂಗಳೂರಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗಬೇಡಿ. ಮಳೆ ಕಡಿಮೆಯಾದ ಮೇಲೆ ಬಂದು, ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತಿಸಿಕೊಂಡು ಓಡಿಸಿಯೇ ಹೋಗಿ.